ಮೆಟ್ಟಿಲಿಲ್ಲದ ರೂಮು

ಅರಸೀಕೆರೆ
ಮಂಗಳವಾರ, ೧೮ ನವೆಂಬರ್ ೨೦೨೫

ಶಶಿ ಅಣ್ಣಾ,

ಪ್ರೀತಿಯ ಅಂತ ಬರೆಯೋಕೆ ಕೈ ಬರಲಿಲ್ಲ, ಬಿಟ್ಟಿದ್ದೀನಿ. ಹೊಟ್ಟೆ ಉರಿ ಹೇಗಿದೆ? ಮಾತ್ರೆ ತಗೊಳ್ತಾ ಇದ್ದೀಯ ತಾನೆ? ಮಂಗಳೂರಿನ ಹೋಟೆಲ್ ಊಟ ನಿನಗೆ ಆಗಲ್ಲ ಅಂತ ಅಮ್ಮ ದಿನಾ ಗೊಣಗುತ್ತಾಳೆ. ಶನಿವಾರದಿಂದ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕ ಇಲ್ಲ. ಮೊದಲು ಎತ್ತಲಿಲ್ಲ, ಆಮೇಲೆ ಸ್ವಿಚ್ ಆಫ್. ಅದಕ್ಕೇ ಅಪ್ಪನ ಕೊಬ್ಬರಿ ಮಂಡಿಯ ಚೀಟಿ ಪುಸ್ತಕದಿಂದ ಹಾಳೆ ಹರಿದು ಬರೀತಾ ಇದ್ದೀನಿ. ಪೂರ್ತಿ ಓದು.

ಸಂಬಂಧ ಗಟ್ಟಿಯಾಗೋ ಮೊದಲು ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಮಲಗೋ ಹಾಗಿಲ್ಲ, ನಿನಗೂ ಗೊತ್ತು. ರಾಣೆಬೆನ್ನೂರಿನಿಂದ ಕಿರಣ್, ಅವರ ತಾಯಿ, ಅಜ್ಜಿ ಅನುಸೂಯಮ್ಮ ಶುಕ್ರವಾರವೇ ಬಂದು, ಶನಿವಾರ ಬೇಲೂರು ಹಳೇಬೀಡು ನೋಡಿ, ಭಾನುವಾರ ನನ್ನನ್ನ ನೋಡೋಕೆ ಬರೋದು ಅಂತ ಮಾತಾಗಿತ್ತು. ಅವರ ತಾಯಿ ಅಪ್ಪನನ್ನ ಕೇಳಿದ್ದು ಒಂದೇ. “ನಮ್ಮ ಅತ್ತಿಯವರಿಗೆ ಮಂಡಿ ನೋವು ಐತ್ರಿ. ಲಿಂಗಪೂಜಿ ಆಗದ ಒಂದ್ ಗುಟುಕ್ ನೀರೂ ಕುಡಿಯೂದಿಲ್ಲ. ಮಠದಾಗ ಒಂದು ರೂಮ್ ಇದ್ರ ಸಾಕು.” ಅಪ್ಪ ಅವತ್ತೇ ಹಾರನಹಳ್ಳಿಗೆ ಹೋಗಿ ಮಠದ ರೂಮು ನೋಡಿಕೊಳ್ಳೋ ಕಲ್ಲೇಶಪ್ಪನವರನ್ನ ಕೇಳಿದರು. “ಕೆಳಗಿನ ರೂಮೇ ಖಾಲಿ ಐತೆ ಮರುಳಪ್ಪ. ಮೆಟ್ಲಿಲ್ಲ, ಬಚ್ಚಲು ಬೇರೆ, ಕಕ್ಕಸ್ ಬೇರೆ ಐತೆ. ಕರ್ಕಂಡ್ ಬನ್ನಿ” ಅಂದರಂತೆ. ನೀನು ಏನಂದೆ? “ಮಠದ ಚಾಪೆ ಮೇಲೆ ಮಲಗಿಸ್ತೀಯೇನಪ್ಪಾ? ನಾವೇನು ಗತಿಯಿಲ್ಲದೋರಾ? ನಾನ್ ಬುಕ್ ಮಾಡ್ತೀನಿ ಬಿಡು.”

ಬುಕ್ ಮಾಡಿದೆ. ಫೋಟೋದಲ್ಲಿ ಈಜುಕೊಳ ಇತ್ತು, ಅಷ್ಟೇ ನೋಡಿದ್ದು ನೀನು. ಎಪ್ಪತ್ತೆಂಟು ವರ್ಷದ ಅನುಸೂಯಮ್ಮ ಅದರಲ್ಲಿ ಈಜು ಹೊಡೀತಾರೆ ಅಂದುಕೊಂಡೆಯಾ? ಕಾರು ಓಡಿಸಿದ ಉಮಾಶಂಕರ್ ಮಾವ ಎಲ್ಲಾ ಹೇಳಿದರು. ಹಳೇಬೀಡಿನ ಆಚೆ ತೋಟದ ಒಳಗೆ ಹೋಂಸ್ಟೇ. ರೂಮು ಮಹಡಿ ಮೇಲೆ. ಕಬ್ಬಿಣದ ಮೆಟ್ಟಿಲು, ಹಿಡಿಯೋಕೆ ಕಂಬಿಯೂ ಇಲ್ಲ. ಅಜ್ಜಿ ಕೂತು ಕೂತು ಹತ್ತಿದರಂತೆ. ಮೇಲೆ ಹೋದರೆ ಬಚ್ಚಲಿಗೆ ಗಾಜಿನ ಬಾಗಿಲು, ಒಳಗೇ ಕಮೋಡು. ಸೊಸೆ ಬಾಗಿಲಿಗೆ ಸೀರೆ ಕಟ್ಟಿದರೂ ಅಜ್ಜಿ ಒಳಗೆ ಕಾಲಿಡಲಿಲ್ಲ. ಕೆಳಗಡೆ ಕೋಳಿ ಹುರಿಯೋ ವಾಸನೆ. ಆ ಹೋಂಸ್ಟೇಯವನು, “ಬಾಟ್ಲಿ ನೀರು ಕೊಡ್ತೀನಿ, ಅದ್ರಲ್ಲೇ ಪೂಜೆ ಮಾಡ್ಕಳಿ ಅಜ್ಜಿ” ಅಂದನಂತೆ. ಸ್ನಾನವೇ ಇಲ್ಲದೆ ಎಂಥ ಪೂಜೆ? ಶನಿವಾರ ಬೆಳಿಗ್ಗೆ ಹನಿ ನೀರು ಕುಡಿಯದೆ, “ನನ್ನ ಸಲುವಾಗಿ ಯಾರೂ ನಿಲ್ಲಬ್ಯಾಡ್ರಿ” ಅಂತ ಬೇಲೂರಿಗೂ ಹೊರಟರು. ಮಧ್ಯಾಹ್ನ ಹಳೇಬೀಡಿನ ಗುಡಿ ಮುಂದೆ, ಆ ಬಿಸಿಲಲ್ಲಿ, ತಲೆ ತಿರುಗಿ ಬಿದ್ದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು.

ಭಾನುವಾರ ಅವರು ನಮ್ಮೂರ ಸ್ಟೇಷನ್ನಿನಲ್ಲೇ ರೈಲು ಹತ್ತಿ ಹೋದರು. ನಮ್ಮ ಮನೆಗೆ ಬರಲಿಲ್ಲ. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಕೂತಿದ್ದೆ. ಅಮ್ಮ ಮಾಡಿದ ಒಬ್ಬಟ್ಟು ಹಾಗೇ ಇತ್ತು.

ಅದನ್ನೂ ತಡಕೊಳ್ತಿದ್ದೆ ಕಣೋ. ಆದರೆ ನೀನು ಅವರ ತಾಯಿಗೆ ಫೋನ್ ಮಾಡಿ, ಅಪ್ಪನೇ ಆ ಜಾಗ ಆರಿಸಿದ್ದು ಅಂದೆಯಲ್ಲ! ಅವರು ಅಪ್ಪನಿಗೇ ಅಂದರು, “ನೀವ ಆರಿಸಿದ್ರಂತ ನಿಮ್ಮ ಮಗಾ ಹೇಳಿದ್ರು. ಮುದುಕಿ ಎಲ್ಲಿ ಮೈ ತೊಳ್ಕೋಬೇಕು ಅಂತ ನೋಡದ ಮನಿಯಿಂದ ಹೆಣ್ಣ ತರೂದು ಹ್ಯಾಂಗ್ರಿ?” ಅಪ್ಪ ನಿನ್ನ ಹೆಸರು ಎತ್ತಲಿಲ್ಲ. “ತಪ್ಪಾಯ್ತು ತಾಯಿ” ಅಂದು ಫೋನ್ ಇಟ್ಟರು. ಅವತ್ತಿನಿಂದ ಕೂಲಿಯವರನ್ನ ಕಳಿಸಿ, ಮಂಡಿಯಲ್ಲಿ ಒಬ್ಬರೇ ಕೂತು ಕಾಯಿ ಒಡೀತಾರೆ.

ನೀನು ಡಿಗ್ರಿ ಓದಿದವನು, ನಾನು ಒಂಬತ್ತನೇ ಕ್ಲಾಸಿಗೇ ಬಿಟ್ಟವಳು. ಆದರೂ ಮಲಗೋರು ಯಾರು, ಅವರಿಗೆ ಮಂಡಿ ನೋವಿದೆಯಾ, ಅಲ್ಲಿ ಅಡುಗೆ ಏನು ಅಂತ ಒಂದು ಫೋನ್ ಮಾಡಿ ಕೇಳೋಕೆ ನನಗೆ ಬರುತ್ತೆ. ನಿನಗೆ ನಮ್ಮ ಮಠ ನಾಚಿಕೆ, ನಮ್ಮ ಮನೆ ನಾಚಿಕೆ. ಸುಳ್ಳು ಹೇಳೋಕೆ ಮಾತ್ರ ನಾಚಿಕೆ ಇಲ್ಲ.

ಅಮ್ಮ ಆಶೀರ್ವಾದ ಬರಿ ಅಂದಳು, ಬರೆದಿದ್ದೀನಿ. ರಾತ್ರಿ ಹಾಲು ಕುಡಿದು ಮಲಗಬೇಕಂತೆ. ನನ್ನ ಕಡೆಯಿಂದ ಏನೂ ಇಲ್ಲ.

ನಿನ್ನ ತಂಗಿ,
ಮೇಘಶ್ರೀ

ಅಂಚೆ ಡಬ್ಬ ತೆಗೆಯೋ ಹೊತ್ತಾಯ್ತು, ಇದೊಂದು ಬರೆದುಬಿಡ್ತೀನಿ: ಬೆಳಿಗ್ಗೆ ನಾನೇ ಅನುಸೂಯಮ್ಮನಿಗೆ ಫೋನ್ ಮಾಡಿ, ಆರಿಸಿದ್ದು ಅಪ್ಪ ಅಲ್ಲ, ನಮ್ಮಣ್ಣ ಅಂದೆ. “ನಿನ್ನ ಬಾಯಿಲೆ ಬ್ಯಾಡವ್ವಾ, ಅವನ ಬಾಯಿಲೆ ಕೇಳ್ತೀನಿ” ಅಂದರು. ಡಿಸೆಂಬರ್ ಆರನೇ ತಾರೀಕು ಮತ್ತೆ ಬರ್ತಾರೆ. ಮಠದ ಕೆಳಗಿನ ರೂಮು ಹೇಳಿದ್ದೀನಿ. ಅವರು ರೈಲಿಳಿಯುವಾಗ ನೀನು ಅಪ್ಪನ ಪಕ್ಕ ನಿಂತಿರಬೇಕು, ಎಲ್ಲರ ಮುಂದೆ ನಿಜ ಹೇಳಬೇಕು. ಕಿರಣ್ ನನಗೆ ಇಷ್ಟ ಕಣೋ. ಅಮ್ಮನಿಗೂ ಹೇಳಿಲ್ಲ, ನಿನಗೇ ಮೊದಲು ಹೇಳ್ತಿರೋದು. ಆದರೂ ನೀನು ಬರಲಿಲ್ಲ ಅಂದರೆ, ಅವರೆಲ್ಲ ಒಪ್ಪಿದರೂ ನಾನೇ ಬೇಡ ಅಂತೀನಿ.