ಮೊದಲ ಸಾಲಿನ ಖಾಲಿ ಕುರ್ಚಿ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ನಾನಿಲ್ಲಿ ಕ್ಷೇಮ. ತೀರಿಹೋದವಳು ಕ್ಷೇಮವೆಂದು ಬರೆದರೆ ನಗು ಬಂದೀತು. ಬಂದರೆ ನಕ್ಕುಬಿಡು, ಇಲ್ಲಿ ಯಾವ ಕ್ಯಾಮೆರಾನೂ ಇಲ್ಲ. ಇಡೀ ದೇಶದ ಟಿವಿ ನಟಿಯರನ್ನು ಹಿಂದೆ ಹಾಕಿ ನೀನು ಅತ್ಯುತ್ತಮ ನಟಿಯಾದೆಯಲ್ಲ, ನನಗೆ ನಿಜವಾಗಿ ಸಂತೋಷವಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಆದರೆ ನೀನು ಹೆಗ್ಗಣವಲ್ಲ. ಎಷ್ಟು ಚೆನ್ನಾಗಿ ನಟಿಸುತ್ತೀಯೆಂದು ಆ ಸಂಜೆ ಹತ್ತಿರದಿಂದಲೇ ನೋಡಿದೆ.

ಹೌದು, ನಾನು ಆ ಸಭಾಂಗಣದಲ್ಲಿದ್ದೆ. ಈಗ ನನ್ನ ಎದುರು ಮನೆಯಲ್ಲಿ ಒಬ್ಬಳಿದ್ದಾಳೆ. ಟಿವಿ ಕಾರ್ಯಕ್ರಮಗಳಿಗೆ ಪ್ರೇಕ್ಷಕರನ್ನು ಕರೆದೊಯ್ಯುವುದು ಅವಳ ಕಸುಬು, ಎಲ್ಲರೂ ಅವಳನ್ನು ಚಪ್ಪಾಳೆ ಅಕ್ಕ ಅನ್ನುತ್ತಾರೆ. ಪ್ರಶಸ್ತಿ ಸಮಾರಂಭಕ್ಕೆ ಕುರ್ಚಿ ತುಂಬಿಸುವವರು ಬೇಕು, ಬರ್ತೀಯಾ ಎಂದು ಕೇಳಿದಳು. ದೊಡ್ಡವರು ವೇದಿಕೆಗೋ ಬಾತ್‌ರೂಮಿಗೋ ಎದ್ದುಹೋದಾಗ ಅವರ ಜಾಗ ಟಿವಿಯಲ್ಲಿ ಖಾಲಿ ಕಾಣಬಾರದಂತೆ. ಗೋಡೆಗೆ ಒರಗಿ ನಿಂತ ನಮ್ಮಂಥವರು ಬಗ್ಗಿಕೊಂಡು ಓಡಿಹೋಗಿ ಅಲ್ಲಿ ಕೂರಬೇಕು, ನಗಬೇಕು, ಚಪ್ಪಾಳೆ ತಟ್ಟಬೇಕು. ಯಾರನ್ನೂ ಮಾತಾಡಿಸಬಾರದು. ಕುರ್ಚಿಯವರು ವಾಪಸು ಬಂದ ತಕ್ಷಣ ಮಾಯವಾಗಬೇಕು. ಮಾಯವಾಗುವುದರಲ್ಲಿ ನನಗೆ ಒಳ್ಳೆ ಅನುಭವವಿದೆ ಎಂದು ಅವಳಿಗೆ ನಾನು ಹೇಳಲಿಲ್ಲ.

ಉಟ್ಟುಕೊಂಡು ಹೋಗಲು ನನ್ನ ಹತ್ತಿರ ಏನಿದೆ ಹೇಳು? ಸೊಂಟ ಬಿಗಿ ಮಾಡಿಕೊಡಿ ಎಂದು ಯಾರೋ ನನ್ನ ಹೊಲಿಗೆ ಅಂಗಡಿಯಲ್ಲಿ ಬಿಟ್ಟುಹೋಗಿದ್ದ ಕಪ್ಪು ರೇಷ್ಮೆ ಗೌನಿತ್ತು. ಹೊಲಿಗೆ ಮುಗಿದಿರಲಿಲ್ಲ, ಪಿನ್ನು ಚುಚ್ಚಿಯೇ ತೊಟ್ಟುಕೊಂಡೆ. ಇಷ್ಟೆಲ್ಲ ಪಾಡು ಪಟ್ಟದ್ದು ಚಪ್ಪಾಳೆ ಹೊಡೆಯುವ ಆಸೆಗಲ್ಲ ಮಗಳೇ. ನೀನು ಕೊಟ್ಟ ಮಾತೊಂದಿತ್ತು.

ಟಿವಿಯ ಆ ಪ್ರತಿಭಾ ಸ್ಪರ್ಧೆಯ ದಿನಗಳು ನಿನಗೆ ನೆನಪಿರಬೇಕು. ನಿನ್ನ ಕಥೆಯಲ್ಲಿ ಕಣ್ಣೀರು ಸಾಲದು ಎಂದನಂತೆ ಕಾರ್ಯಕ್ರಮದವನು. ಅಪ್ಪ ಬಿಟ್ಟುಹೋಗಿದ್ದಾರೆ ಅಂದಿದ್ದಕ್ಕೆ, ಅದು ಎಲ್ಲರ ಮನೇಲೂ ಇರುತ್ತೆ ಬಿಡಮ್ಮ ಅಂದನಂತೆ. ಮನೆಗೆ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ನೀನು ಹೇಳಿದೆ: "ಒಂದು ಕಂತಿಗೆ ಮಾತ್ರ ಅಮ್ಮಾ. ಒಂದೇ ಒಂದು ಕಂತಿಗೆ ನೀನು ಸತ್ತುಹೋಗಿರು."

ನಾನು ನಕ್ಕು ಒಪ್ಪಿಕೊಂಡೆ. ಮದುವೆಗೆ ಮುಂಚಿನ, ಈಗ ಯಾರಿಗೂ ಗುರುತು ಸಿಗದ ಚೆಂದದ ಫೋಟೋ ಹುಡುಕಿ ಕೊಟ್ಟವಳೂ ನಾನೇ. ಅಂಗಡಿಯ ಟಿವಿಯಲ್ಲಿ ನನ್ನ ಸಾವನ್ನು ನಾನೇ ನೋಡಿ, ನೀನು ಯಾರೆಂದು ತಿಳಿಯದ ಗಿರಾಕಿಗಳ ಜೊತೆ ಕೂತು ಅತ್ತೆ. ನೀನು ಗೆದ್ದೆ. ಆಮೇಲೆ ಧಾರಾವಾಹಿ ಬಂತು, ಸಂದರ್ಶನಗಳು ಬಂದವು. ಒಂದರಲ್ಲಿ ನಾನು ಜ್ವರದಿಂದ ಸತ್ತೆ, ಇನ್ನೊಂದರಲ್ಲಿ ಬಸ್ಸಿನ ಚಕ್ರಕ್ಕೆ ಸಿಕ್ಕಿ ಸತ್ತೆ. ಪರಿಚಯದವರ ಕಣ್ಣು ತಪ್ಪಿಸಲು ಮನೆ, ಅಂಗಡಿ ಎರಡನ್ನೂ ಬೇರೆ ಬೀದಿಗೆ ಬದಲಿಸಿದೆ. ನಾನು ಬದುಕಿ ಬರುವುದು ಯಾವಾಗ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ ನಿನ್ನ ಉತ್ತರ ಒಂದೇ. ದೊಡ್ಡ ಪ್ರಶಸ್ತಿ ಬರಲಿ, ಆಮೇಲೆ ನನ್ನನ್ನು ಯಾರಿಂದಲೂ ಕೆಳಗಿಳಿಸೋಕೆ ಆಗಲ್ಲ, ವೇದಿಕೆ ಮೇಲೆ ನಿಂತೇ ನಿಜ ಹೇಳಿಬಿಡ್ತೀನಿ ಅನ್ನುತ್ತಿದ್ದೆ. ಆ ಒಂದು ಮಾತು ಕಿವಿಯಾರೆ ಕೇಳಬೇಕೆಂದೇ ಬಂದಿದ್ದೆ.

ನಿನ್ನ ಹೆಸರು ಕೂಗಿದರು, ನೀನು ಎದ್ದೆ. ಚಪ್ಪಾಳೆ ಅಕ್ಕ ನನ್ನ ಬೆನ್ನು ತಟ್ಟಿ ಮೊದಲ ಸಾಲಿನತ್ತ ತಳ್ಳಿದಳು. ಹೋಗಿ ಕೂತೆ. ಅದು ನಿನ್ನದೇ ಕುರ್ಚಿ, ಇನ್ನೂ ಬೆಚ್ಚಗಿತ್ತು. ವೇದಿಕೆಯ ಮೇಲೆ ನೀನು ಪ್ರಶಸ್ತಿಯನ್ನು ಎದೆಗೊತ್ತಿಕೊಂಡು ಮೈಕಿನ ಮುಂದೆ ನಿಂತೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕುರ್ಚಿಯ ತುದಿಗೆ ಸರಿದು ಕೂತೆ. ನೀನು ಛಾವಣಿಯ ಕಡೆ ಮುಖವೆತ್ತಿ, "ನಮ್ಮಮ್ಮ ಬದುಕಿದ್ದಿದ್ರೆ ಇವತ್ತು ಈ ಮೊದಲ ಸಾಲಲ್ಲೇ ಕೂತಿರ್ತಿದ್ಳು" ಎಂದೆ.

ಇಡೀ ಸಭೆ ಎದ್ದು ನಿಂತಿತು. ನಾನೂ ಎದ್ದು ಚಪ್ಪಾಳೆ ತಟ್ಟಿದೆ, ಬಂದ ಕೆಲಸವೇ ಅದಲ್ಲವೇ. ಪಕ್ಕದಲ್ಲಿದ್ದ ಮುದಿ ನಟ ತನ್ನ ಕರವಸ್ತ್ರ ಕೊಟ್ಟ. ಅಮ್ಮ ಉಪವಾಸವಿದ್ದು ಸಾಕಿದಳು, ಒಂದು ದಿನವೂ ಗದರಲಿಲ್ಲ ಎಂದು ನೀನು ಮುಂದುವರಿಸಿದೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುವುದು ಸುಳ್ಳಲ್ಲ. ಗಣಿತದಲ್ಲಿ ಫೇಲಾದಾಗ ನನ್ನಿಂದ ತಿಂದ ಏಟುಗಳನ್ನು ಮರೆತೇಬಿಟ್ಟೆಯಾ?

ಮಾತು ಮುಗಿಸಿ ನೀನು ಕೆಳಗಿಳಿದು ಬಂದೆ. ನಾನು ಏಳಬೇಕಿತ್ತು, ಏಳಲಿಲ್ಲ. ನೀನು ನನ್ನನ್ನು ನೋಡಿದೆ. ದೀಪದ ಬೆಳಕಿಗೆ ಕಣ್ಣು ಕೋರೈಸಿತ್ತು, ಗುರುತು ಸಿಗಲಿಲ್ಲ ಎಂದು ನೀನು ಹೇಳಬಹುದು. ಆದರೆ ಸುಳ್ಳಾಡುವಾಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಡುವುದು ನಿನ್ನ ಚಿಕ್ಕಂದಿನ ಚಾಳಿ. ಅವತ್ತೂ ಬಚ್ಚಿಟ್ಟೆ.

"ಇದು ನನ್ನ ಸೀಟು, ಮೇಡಂ."

ಎದ್ದೆ. ಬಗ್ಗಿಕೊಂಡು ಓಡಿ ಗೋಡೆ ಸೇರಿಕೊಂಡೆ. ಮನೆಗೆ ಬಂದು ಗೌನು ಬಿಚ್ಚಿದಾಗಲೇ ಗೊತ್ತಾದದ್ದು, ಪಿನ್ನು ಸೊಂಟಕ್ಕೆ ಇಳಿದು ಅಸ್ತರಿಗೆಲ್ಲ ರಕ್ತ ಹತ್ತಿತ್ತು. ತೊಳೆದು ಒಣಹಾಕಿದ್ದೇನೆ.

ನಿನ್ನ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿದೆ ಗುಬ್ಬಿ. ಸತ್ತಳು ಅನ್ನಿಸಿಕೊಳ್ಳುವುದು ನನಗೆ ರೂಢಿಯಾಗಿಹೋಗಿದೆ. ನಿನ್ನ ಬಾಯಲ್ಲಿ ಮೇಡಂ ಅನ್ನಿಸಿಕೊಂಡದ್ದು ಇದೇ ಮೊದಲು. ಹತ್ತಿದ ಏಣಿಯನ್ನು ಒದೆಯುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಒದ್ದಮೇಲೂ ಅದೇ ಏಣಿಯ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವುದನ್ನು ನಿನ್ನಲ್ಲೇ ಕಂಡೆ.

ವೇಳೆಗೆ ಸರಿಯಾಗಿ ಊಟ ಮಾಡು. ಟಿವಿಯಲ್ಲಿ ತುಂಬ ಸೊರಗಿದಂತೆ ಕಾಣುತ್ತೀ.

ಇಂತಿ,
ನಿನ್ನನ್ನು ಹೆತ್ತ ಮೇಡಂ

ಮ.ವಿ.: ಹೇಳಲು ಮರೆತಿದ್ದೆ. ನಿನ್ನ ಭಾಷಣದ ಹೊತ್ತಿಗೆ ಕ್ಯಾಮೆರಾ ನನ್ನ ಮುಖದ ಮೇಲಿತ್ತಂತೆ. ಮೊದಲ ಸಾಲಿನಲ್ಲಿ ಅಳುತ್ತಿದ್ದ ಆ ಹೆಂಗಸು ಯಾರು ಎಂದು ಊರೆಲ್ಲ ಕೇಳುತ್ತಿದೆಯಂತೆ. ಇವತ್ತು ಬೆಳಿಗ್ಗೆ ನಿನ್ನ ಚಾನೆಲ್ಲಿನವರೇ ಚಪ್ಪಾಳೆ ಅಕ್ಕನಿಂದ ವಿಳಾಸ ಪಡೆದು, ಮೈಕು ಹಿಡಿದು ಅಂಗಡಿಗೆ ಬಂದಿದ್ದರು. ನನಗೂ ಒಬ್ಬಳು ಮಗಳಿದ್ದಳು, ಹೋಗಿಬಿಟ್ಟಳು ಎಂದೆ. ಹೇಗೆ ಎಂದು ಕೇಳಿದರು. ಬಸ್ಸಿಗೆ ಸಿಕ್ಕಿ ಎಂದೆ, ನಿನ್ನ ಕಥೆಯಿಂದಲೇ ಎರವಲು ತೆಗೆದುಕೊಂಡೆ. ಮೈಕು ಹಿಡಿದವಳು ಗಳಗಳನೆ ಅತ್ತಳು. ತಾಯಿಯಿಲ್ಲದ ಮಗಳನ್ನೂ ಮಗಳಿಲ್ಲದ ತಾಯಿಯನ್ನೂ ಮುಂದಿನ ವಾರ ಒಟ್ಟಿಗೆ ಕೂರಿಸಿ ಮಾತಾಡಿಸುತ್ತಾರಂತೆ. ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ. ನೀನು ಹೆದರಬೇಡ, ಒಂದು ಕಂತಿಗೆ ಮಾತ್ರ.