ಸ್ಪ್ರಿಂಗ್ ಸಿಡಿದ ದಿನ

ಅಪ್ಪಾ,

ನೀನು ತೀರಿಕೊಂಡು ಎರಡು ವರ್ಷ ಆತು. ಆದ್ರೂ ಇದನ್ನ ನಿನಗ ಬಿಟ್ಟು ಬ್ಯಾರೆ ಯಾರಿಗೆ ಹೇಳಲಿ?

ಇವತ್ತು ಮುಂಜಾನಿ ಕೂಡ್ಲಿಗಿ ಮನಿ ಅಂಗಳದಾಗ ನಿನ್ನ ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್ ನಾನಾ ಬದಲಿ ಮಾಡಾಕ ಕುಂತೆ. ಜಾಕಿ ಕೊಟ್ಟು ಗಾಲಿ ಬಿಚ್ಚಿದೆ. ಅದರ ಸ್ಪ್ರಿಂಗ್‌ಗೆ ಎರಡೂ ಕಡಿ ಕ್ಲ್ಯಾಂಪ್ ಹಾಕಿ, ನೀನು ಕಲಿಸಿದಂಗ ಪಾನಾದಿಂದ ಸಮ ಸಮ ಬಿಗಿ ಮಾಡಿ ಸ್ಪ್ರಿಂಗ್ ಅಮುಕಿದೆ. ಮ್ಯಾಲಿನ ನಟ್ ಬಿಚ್ಚೂದ್ರಾಗ ಒಂದು ಕ್ಲ್ಯಾಂಪ್ ಜಾರಿತು. ಬಾಂಬ್ ಹೊಡದಂಗ ಸದ್ದಾತು. ಸ್ಪ್ರಿಂಗ್ ನನ್ನ ಕಿವಿ ಪಕ್ಕದಾಗ ಹಾದು ಬಚ್ಚಲದ ತಗಡಿನ ಬಾಗ್ಲಾ ಹರಕೊಂಡು ಒಳಗ ಬಿತ್ತು.

ಅವ್ವ ಓಡಿಬಂದು ನನ್ನ ಮುಖ ಸವರಿ, "ಕಣ್ಣು ಕಾಣತಾವೇನವ್ವಾ ಸಂಗೀತಾ?" ಅಂದ್ಲು.

ಹಿಂಗಾ ಸ್ಪ್ರಿಂಗ್ ಸಿಡಿದು ನಿನ್ನ ಬಲಗಣ್ಣು ಹೋದ ದಿನ, ಆಸ್ಪತ್ರ್ಯಾಗ ನೀನು, "ಕ್ಲ್ಯಾಂಪ್ ತಾನಾ ಜಾರಿತವ್ವಾ, ನಾ ಕುಡಿದಿರಲಿಲ್ಲ" ಅಂದಿದ್ದಿ. ಡಾಕ್ಟರ ಎದುರಿಗೇ ನಾನು "ಸುಳ್ಳು" ಅಂದೆ. ಆಮ್ಯಾಲೆ ನೀನು ಗಾಡಿ ಹೊಡಿಯೂದು ಬಿಟ್ಟಿ. ಆ ಮಾತೂ ಮತ್ತ ಎತ್ತಲಿಲ್ಲ.

ಸಂಜಿಮುಂದ ಅವ್ವ, "ನಾನೂ ಅವತ್ತು ಅವರನ್ನ ನಂಬಲಿಲ್ಲ" ಅಂದ್ಲು. ನಾವಿಬ್ರೂ ಇನ್ನೂ ಉಂಡಿಲ್ಲ, ಅಪ್ಪಾ.