ಅಪ್ಪುವಿನ ತೂಕ

ಅತ್ತೆ,

ನಾನು ಕೆಲಸಕ್ಕೆ ಹೊರಟೆ. ಮಾರ್ಕೆಟಿನಿಂದ ಬಂದವರು ಮೊದಲು ಊಟ ಮಾಡಿ; ಗಂಜಿ, ಚಟ್ನಿ ಉಂಟು. ಆಮೇಲೆ ಉಡುಪಿ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ. ನೀವು ಮುಟ್ಟಿದ ಮೇಲೆಯೇ ನಿಮ್ಮ ಮಗ ಅಲ್ಲಿಂದ ಬೋಟಿಗೆ ಹೊರಡುವುದು.

ಅಪ್ಪು ಎಷ್ಟು ಅತ್ತರೂ ಅವನ ಕೈಗೆ ಕಟ್ಟಿದ ಹೆಸರಿನ ಪಟ್ಟಿ ಬಿಚ್ಚಬೇಡಿ. ಮದ್ದು ಕೊಡುವ ಮೊದಲು ಹೆಸರು ಕೇಳಿದರೆ ಲಕ್ಷಿತ್ ಎಂದೇ ಹೇಳಿ. ಅಪ್ಪು ಎಂದರೆ ಅವರಿಗೆ ಎಂತ ಗೊತ್ತಾಗುತ್ತದೆ?

ಇನ್ನೊಂದು ಮಾತು. ನಿನ್ನೆ ನರ್ಸ್ ಇವನ ತೂಕ ಕೇಳಿದಾಗ, ಪಕ್ಕದ ಮಂಚದವರಿಗೂ ಕೇಳುವ ಹಾಗೆ ನೀವು ಹದಿನಾಲ್ಕು ಕಿಲೋ ಅಂದಿರಂತೆ. ಪುಣ್ಯಕ್ಕೆ ಅವಳು ನಂಬದೆ ತೂಗಿ ನೋಡಿದಳು. ಹನ್ನೊಂದೇ ಇದ್ದದ್ದು. ಮಕ್ಕಳಿಗೆ ತೂಕ ನೋಡಿಯೇ ಮದ್ದು ಅಳೆಯುವುದು, ಅತ್ತೆ. ನಿಮ್ಮ ಲೆಕ್ಕ ಹಿಡಿದಿದ್ದರೆ ಆ ಸಣ್ಣ ಜೀವಕ್ಕೆ ಮದ್ದು ಹೆಚ್ಚಾಗುತ್ತಿತ್ತು. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಮೊಮ್ಮಗ ಸಪೂರ ಎಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ಒಂದೊಂದು ತುತ್ತಿಗೂ ನೀವು ಅವನ ಹಿಂದೆ ಅಂಗಳವಿಡೀ ಓಡುವುದು ನನಗೆ ಗೊತ್ತುಂಟು. ಇವತ್ತು ಪುನಃ ತೂಗುತ್ತಾರೆ. ಸ್ವೆಟರ್, ಸೊಂಟದ ಬೆಳ್ಳಿ ಸರ ಎರಡನ್ನೂ ಮೊದಲೇ ತೆಗೆದಿಡಿ.

ಗಿರಾಕಿ ಎಷ್ಟೇ ಗುರ್ತದವರಾದರೂ, ತಕ್ಕಡಿಗೆ ಹಾಕದೆ ನೀವು ಒಂದು ಅಂಜಲ್ ಮೀನನ್ನೂ ಕೊಟ್ಟವರಲ್ಲ. ಮತ್ತೆ ನಮ್ಮ ಅಪ್ಪುವನ್ನು ಮಾತ್ರ ಯಾಕೆ ಬಾಯಲ್ಲೇ ತೂಗಿದಿರಿ?

ಕಾವ್ಯ